ಅಡ್ವಾನ್ಸ್ ಕೊಡುವ ಮುಂಚೆ ಆ ಮನೆಯ ಕರೆಂಟ್ ಬಿಲ್ ಕೈಗೆ ತಗೊಳ್ಳಿ

ಹಾಸನದಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರಿಗೆ, ಅದರಲ್ಲೂ ಸಾಲಗಾಮೆ ರಸ್ತೆ, ವಿದ್ಯಾನಗರದ ಕಡೆ ಕಾಲೇಜುಗಳ ಸುತ್ತಮುತ್ತ ನೋಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನೀರು ದಿನಾ ಬರುತ್ತಾ, ಗಾಡಿ ನಿಲ್ಲಿಸೋಕೆ ಜಾಗ ಇದೆಯಾ, ಬಿಸಿಲು ಬೀಳುತ್ತಾ ಅಂತೆಲ್ಲ ಕೇಳ್ತೀವಿ. ಕರೆಂಟ್ ಬಿಲ್ ಕೇಳಿದರೆ ಮಾತ್ರ ಓನರ್ ಮುಖದಲ್ಲಿ ಒಂದು ನಗು ಬರುತ್ತೆ. "ಅಯ್ಯೋ, ಈಗೆಲ್ಲ ಫ್ರೀ ಅಲ್ವಾ ಸಾರ್, 200 ಯೂನಿಟ್ ತನಕ?" ನಮಗೂ ಇದೇ ಉತ್ತರ ಸಿಕ್ಕಿತ್ತು. ಮಧ್ಯದಲ್ಲಿದ್ದ ಬ್ರೋಕರ್ ಕೂಡ ತಲೆ ಆಡಿಸಿದ. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಅಂತ ತಗೊಂಡವನಿಗೆ ಆ ಮೀಟರ್ ಎಂಥದ್ದು ಅಂತ ಗೊತ್ತಿರಲಿಲ್ಲ ಅಂದರೆ ನಾನಂತೂ ನಂಬಲ್ಲ.

ಮನೆ ನೆಲಮಹಡಿ. ಮೇಲೆ ಓನರ್ ಸಂಸಾರ. ಬೇರೆ ಮೀಟರ್, "ನಿಮ್ಮ ಬಿಲ್ ನಿಮ್ಮದು, ನಮ್ಮದು ನಮ್ಮದು". ಕೇಳೋಕೆ ಚೆನ್ನಾಗಿತ್ತು. ಮೊದಲ ಬಿಲ್ ಬಂದಾಗ ಎರಡು ಸಾವಿರ ದಾಟಿತ್ತು. ಬೇಲೂರಿನ ಹಳೆ ಮನೆಯಲ್ಲಿ ಅದೇ ಫ್ರಿಜ್ಜು, ಅದೇ ಗೀಸರ್, ಅದೇ ಟಿವಿ ಇಟ್ಟುಕೊಂಡು ಸೊನ್ನೆ ಬಿಲ್ ನೋಡಿದ್ದವರು ನಾವು. ಬಿಲ್‌ನಲ್ಲಿ ಜಕಾತಿ (ಅಂದರೆ ದರದ ವರ್ಗ) ಅನ್ನೋ ಕಾಲಂ ಒಂದಿರುತ್ತೆ, ಆರ್‌ಆರ್ ನಂಬರ್ (ಆ ಸಂಪರ್ಕದ ಗುರುತಿನ ಸಂಖ್ಯೆ) ಹತ್ತಿರವೇ. ಅಲ್ಲಿ ಎಲ್‌ಟಿ-3 ಅಂತಿತ್ತು. ಅಂದರೆ ವಾಣಿಜ್ಯ. ಮನೆಗಾದರೆ ಅಲ್ಲಿ ಈಗ ಎಲ್‌ಟಿ-1 ಅಂತಿರಬೇಕು (ಹಳೇ ಬಿಲ್‌ಗಳಲ್ಲಾದರೆ ಎಲ್‌ಟಿ-2ಎ). ಪಕ್ಕದ ಬೀದಿಯ ಅಂಗಡಿಯವರನ್ನು ವಿಚಾರಿಸಿದ ಮೇಲೆ ಕಥೆ ಹೊರಬಿತ್ತು. ನಮ್ಮ ಹಾಲ್ ಇದೆಯಲ್ಲ, ಅದು ಮೊದಲು ಝೆರಾಕ್ಸ್, ಡಿಟಿಪಿ ಅಂಗಡಿ. ಶಟರ್ ತೆಗೆದು, ಕಿಟಕಿ, ಗ್ರಿಲ್ ಕೂರಿಸಿ, ಬಣ್ಣ ಬಳಿದು "ಟೂ ಬಿಎಚ್‌ಕೆ" ಮಾಡಿದ್ದಾರೆ. ಗೋಡೆ ಬದಲಾಯಿತು, ಮೀಟರ್ ಖಾತೆ ಅಂಗಡಿಯದೇ ಉಳಿಯಿತು.

ಮೊಬೈಲ್ ಪ್ಲ್ಯಾನ್ ಥರ ನಮಗೆ ಬೇಕಾದ ಕರೆಂಟ್ ದರ ನಾವೇ ಆರಿಸಿಕೊಳ್ಳೋಕೆ ಇಲ್ಲಿ ಬರಲ್ಲ. ದರ ನಿಗದಿ ಮಾಡೋದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಕೆಇಆರ್‌ಸಿ. ಹಾಸನದವರಿಗೆ ಕರೆಂಟ್ ಕೊಡೋದು ಮೈಸೂರಿನ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮಂಗಳೂರಿನ ಮೆಸ್ಕಾಂ. ಆದರೂ ಮನೆ ದರ ಎರಡೂ ಕಡೆ ಒಂದೇ. ವ್ಯತ್ಯಾಸ ಬರೋದು ಆ ಕಟ್ಟಡವನ್ನು ಯಾವ ಬಳಕೆಗೆ ಅಂತ ಬರೆಸಿದ್ದಾರೆ ಅನ್ನೋದರಿಂದ. ಅದನ್ನು ಬರೆಸಿದವರು ನಾವಲ್ಲ, ನಮಗಿಂತ ಎಷ್ಟೋ ಮುಂಚೆ ಆ ಮನೆಯಲ್ಲಿದ್ದ ಯಾರೋ. ದುಡ್ಡು ಕಟ್ಟೋರು ಮಾತ್ರ ನಾವು.

2025-26ರ ಮನೆ ದರವನ್ನೇ ತಗೊಳ್ಳಿ. ಯೂನಿಟ್‌ಗೆ 5 ರೂಪಾಯಿ 80 ಪೈಸೆ. ನಿಗದಿತ ಶುಲ್ಕ ಒಂದು ಕಿಲೋವ್ಯಾಟ್‌ಗೆ 145 ರೂಪಾಯಿ. ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ ಇನ್ನೊಂದು 36 ಪೈಸೆ. ವಿದ್ಯುತ್ ತೆರಿಗೆ ಶೇಕಡ 9. ಇದರ ಮೇಲೆ ತಿಂಗಳು ತಿಂಗಳು ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ. ವಾಣಿಜ್ಯ ಖಾತೆಯಲ್ಲಿ ಯೂನಿಟ್ ದರವೂ ಇದಕ್ಕಿಂತ ಜಾಸ್ತಿ, ನಿಗದಿತ ಶುಲ್ಕವೂ ಜಾಸ್ತಿ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಅಂದರೆ ಸರ್ಕಾರದ ಫ್ರೀ ಕರೆಂಟ್ ಯೋಜನೆ ಗೃಹಜ್ಯೋತಿ ಸಿಗಲ್ಲ. ಅದು ಗೃಹಬಳಕೆಯ ಮೀಟರ್‌ಗೆ ಮಾತ್ರ. ಬಾಡಿಗೆ ಕರಾರು, ಆಧಾರ್, ವೋಟರ್ ಐಡಿ ಎಲ್ಲ ಹಿಡಿದು ಹೋದರೂ ಎಲ್‌ಟಿ-3 ಅಂತ ಕಂಡ ತಕ್ಷಣ ಅರ್ಜಿ ಅಲ್ಲೇ ನಿಲ್ಲುತ್ತೆ. ಕೌಂಟರ್‌ನಲ್ಲಿದ್ದವರು ಪಾಪ ಸಮಾಧಾನವಾಗಿಯೇ ಹೇಳಿದರು: ಜಕಾತಿ ಬದಲಾಯಿಸೋಕೆ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆಯೋ ಅವರೇ ಅರ್ಜಿ ಕೊಡಬೇಕು, ಇಂಜಿನಿಯರ್ ಬಂದು ಜಾಗ ನೋಡಬೇಕು. ಬಾಡಿಗೆದಾರರ ಸಹಿ ಅಲ್ಲಿ ನಡೆಯಲ್ಲ.

ಓನರ್ ಅರ್ಜಿ ಕೊಡಲಿಲ್ಲ. "ನಾಳೆ", "ಹಬ್ಬ ಮುಗೀಲಿ", "ಹಾಸನಾಂಬೆ ಬಾಗಿಲು ಹಾಕಲಿ, ನೆಂಟರು ಹೋಗಲಿ". ಕಾರಣ ಆಮೇಲೆ ಅರ್ಥವಾಯಿತು. ನಾವು ಬಿಟ್ಟ ಮೇಲೆ ಅಲ್ಲಿ ಮತ್ತೆ ಅಂಗಡಿ ಬಂದರೆ ವಾಣಿಜ್ಯ ಖಾತೆ ತಯಾರಾಗಿರಲಿ ಅಂತ. ಅದು ಬರೀ ಜಾಣತನ ಅಲ್ಲ, ಅದರ ಹಿಂದೆ ಲೆಕ್ಕವೂ ಇದೆ. ಮನೆ ಮೀಟರ್ ಇಟ್ಟುಕೊಂಡು ಅಂಗಡಿ ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರದಲ್ಲಿ ವಸೂಲಿ ಆಗುತ್ತೆ, ಯಾವಾಗಿನಿಂದ ಅಂತ ತಿಳಿಯದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ. ಅಂಗಡಿ ಮೀಟರ್ ಇಟ್ಟುಕೊಂಡು ಸಂಸಾರ ನಡೆಸಿದರೆ ಯಾರಿಗೂ ನಷ್ಟ ಇಲ್ಲ, ಬಾಡಿಗೆದಾರನೊಬ್ಬನನ್ನು ಬಿಟ್ಟು. ಹಾಗಾಗಿ ಅದನ್ನು ಹುಡುಕಿಕೊಂಡು ಯಾರೂ ಬರಲ್ಲ.

ಮಂಜೂರಾದ ಲೋಡ್, ಅಂದರೆ ಆ ಮೀಟರ್‌ಗೆ ಎಷ್ಟು ಕಿಲೋವ್ಯಾಟ್ ಬರೆಸಿದ್ದಾರೆ ಅನ್ನೋದನ್ನೂ ನೋಡಿ. ನಮ್ಮ ಬಿಲ್‌ನಲ್ಲಿ 5 ಕಿಲೋವ್ಯಾಟ್ ಇತ್ತು, ಝೆರಾಕ್ಸ್ ಯಂತ್ರಗಳಿಗೆ ಅಂತ ತಗೊಂಡಿದ್ದು. ನಿಗದಿತ ಶುಲ್ಕ ಬೀಳೋದು ಈ ಲೋಡ್ ಮೇಲೆ, ನೀವು ಸುಟ್ಟ ಯೂನಿಟ್ ಮೇಲೆ ಅಲ್ಲ. 2025-26ರ ಮನೆ ದರದಲ್ಲೇ ಹಿಡಿದರೂ 5 ಕಿಲೋವ್ಯಾಟ್‌ಗೆ 725 ರೂಪಾಯಿ, ಬೀಗ ಹಾಕಿಕೊಂಡು ತಿಂಗಳು ಪೂರ್ತಿ ಊರಲ್ಲಿದ್ದರೂ. ಅದೇ 3 ಕಿಲೋವ್ಯಾಟ್ ಆದರೆ 435.

ಇಷ್ಟೆಲ್ಲ ಆದ ಮೇಲೂ ಯೂನಿಟ್ ಯಾಕೋ ಜಾಸ್ತಿ ಅನಿಸುತ್ತಿತ್ತು. ಹಾಸನದ ಸೋನೆ ಮಳೆ, ಚಳಿಗೆ ಗೀಸರ್ ಜಾಸ್ತಿ ಓಡುತ್ತೆ ಅಂತ ಒಪ್ಪೋಣ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಅದನ್ನು ಲೆಕ್ಕ ಹಾಕಿದರೂ ಹೊಂದಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮೀಟರ್ ಮುಂದೆ ನಿಂತೆ. ಈಗಿನ ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಒಂದು ಕೆಂಪು ದೀಪ ಇರುತ್ತೆ, ಕರೆಂಟ್ ಓಡಿದಷ್ಟೂ ಮಿನುಗುತ್ತೆ. ಮನೆಯಲ್ಲಿ ಒಂದು ಬಲ್ಬೂ ಇಲ್ಲ, ಹೊರಗೆ ದೀಪ ಪಟಪಟ ಮಿನುಗುತ್ತಿದೆ. ಮೇಲೆ ಟ್ಯಾಂಕ್‌ಗೆ ನೀರು ಬೀಳುವ ಸದ್ದು. ಇಡೀ ಕಟ್ಟಡದ ಸಂಪ್ ಮೋಟರ್ ನಮ್ಮ ಮೀಟರ್‌ಗೆ! ಕೇಳಿದರೆ "ವೈರಿಂಗ್ ಮಾಡಿದವನು ಹಾಗೆ ಕೊಟ್ಟುಬಿಟ್ಟ" ಅಂದರು. ವೈರಿಂಗ್ ಮಾಡಿದವನಿಗೆ ಓನರ್ ಮೀಟರ್ ಯಾವುದು ಅಂತ ಮಾತ್ರ ಸರಿಯಾಗಿ ಗೊತ್ತಿತ್ತು ಅಂತ ಕಾಣುತ್ತೆ. ಮನೆ ನೋಡೋಕೆ ಹೋದ ದಿನವೇ ಈ ಪರೀಕ್ಷೆ ಮಾಡಿಸಿ. ಓನರ್‌ಗೆ ಹೇಳಿ ಮೋಟರ್ ಹಾಕಿಸಿ, ಮೇನ್ ಆಫ್ ಮಾಡಿ, ದೀಪ ನೋಡಿ. ಎರಡು ನಿಮಿಷದ ಕೆಲಸ.

ಮೀಟರ್ ಎಲ್‌ಟಿ-1 ಆಗಿದ್ದರೂ ಪೂರ್ತಿ ನೆಮ್ಮದಿ ಬೇಡ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅನ್ನೋದು ಓನರ್‌ಗಳು ಹಬ್ಬಿಸುವ ಮಾತು. ಆ ಮೀಟರ್‌ನಲ್ಲಿ 2022-23ರಲ್ಲಿ ಎಷ್ಟು ಬಳಸಿದ್ದರೋ ಅದರ ತಿಂಗಳ ಸರಾಸರಿ, ಮೇಲೆ ಶೇಕಡ 10, ಅಷ್ಟೇ ನಿಮ್ಮ ಪಾಲು. ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದವರಿಗೆ ಶೇಕಡ 10ರ ಬದಲು 10 ಯೂನಿಟ್ ಅಂತ 2024ರಲ್ಲಿ ಬದಲಾಯಿಸಿದರು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗೆ 58 ಯೂನಿಟ್. ಪಾಲು ಮೀರಿ 200ರೊಳಗೆ ಇದ್ದರೆ ಹೆಚ್ಚಾದದ್ದಕ್ಕೆ ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಮೊದಲಿದ್ದವರು ಒಂಟಿಯಾಗಿದ್ದು 40 ಯೂನಿಟ್ ಸುಟ್ಟಿದ್ದರೆ ನಿಮ್ಮ ನಾಲ್ಕು ಜನರ ಸಂಸಾರಕ್ಕೂ ಸಿಗೋದು 50. ಇನ್ನೊಂದು, ಒಂದು ಆಧಾರ್ ಒಂದೇ ಆರ್‌ಆರ್ ನಂಬರ್‌ಗೆ. ಹಳೆ ಮನೆ ಬಿಡುವಾಗ ಸೇವಾಸಿಂಧುವಿನಲ್ಲಿ ಡೀ-ಲಿಂಕ್ ಮಾಡದೆ ಬಂದರೆ ಹೊಸ ಮನೆಗೆ ಜೋಡಣೆ ಆಗಲ್ಲ. ಹಾಗೇ ನೀವು ಹೋಗುವ ಮನೆಯಲ್ಲಿ ಮೊದಲಿದ್ದವರ ಆಧಾರ್ ಇನ್ನೂ ಅಂಟಿಕೊಂಡಿದೆಯಾ ಅಂತಲೂ ಕೇಳಿ. ಅವರು ಬೆಂಗಳೂರಿಗೋ ದುಬೈಗೋ ಹೋಗಿ ಫೋನ್ ಎತ್ತದಿದ್ದರೆ ಒದ್ದಾಡೋದು ನೀವು.

ಸ್ವಂತ ಮನೆ ಕಟ್ಟಿ ಹೋಗುವವರಿಗೂ ಒಂದು ಮಾತು. ಚಿಕ್ಕಮಗಳೂರಿನಲ್ಲಿ ನನ್ನ ತಂಗಿ ಮನೆಯವರು ಕಟ್ಟುವಾಗ ತಗೊಂಡಿದ್ದ ತಾತ್ಕಾಲಿಕ ಸಂಪರ್ಕದಲ್ಲೇ ಗೃಹಪ್ರವೇಶ ಮಾಡಿ ವಾಸಕ್ಕೆ ಹೋದರು. ಆ ದರ ಮನೆ ದರಕ್ಕಿಂತ ತುಂಬಾ ಮೇಲೆ, ಗೃಹಜ್ಯೋತಿಯೂ ಇಲ್ಲ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಕಾಯಂ ಸಂಪರ್ಕಕ್ಕೆ ಸ್ವಾಧೀನಾನುಭವ ಪತ್ರ (ಒಸಿ, ಕಟ್ಟಡ ವಾಸಕ್ಕೆ ಸರಿಯಿದೆ ಅನ್ನೋ ಪತ್ರ) ಕೇಳತೊಡಗಿದ್ದರಿಂದ ಅದು ಎಳೆಯುತ್ತಲೇ ಹೋಯಿತು. 1200 ಚದರಡಿವರೆಗಿನ ಸೈಟಿನ ಮನೆಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿತು. ನಿಮ್ಮ ಸೈಟ್ ಅದಕ್ಕಿಂತ ದೊಡ್ಡದಾಗಿದ್ದರೆ ಮುಹೂರ್ತ ಇಡುವ ಮುಂಚೆ ಪತ್ರ ಕೈಸೇರುವಂತೆ ನೋಡಿಕೊಳ್ಳಿ.

ಹಳೇ ಬಾಕಿಯನ್ನೂ ಕೇಳಿ. ಹಿಂದಿದ್ದವರ ಬಾಕಿಯನ್ನು ಆ ಜಾಗ ಕೊಂಡವರಿಂದ ವಸೂಲಿ ಮಾಡಲು ನಿಯಮದಲ್ಲಿ ಅವಕಾಶ ಇದ್ದರೆ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2023ರ ಮೇನಲ್ಲಿ ಹೇಳಿದೆ. ಮನೆ ಕೊಳ್ಳುವವರು ಬಾಕಿ ಇಲ್ಲ ಅನ್ನೋ ಪತ್ರ ಇಲ್ಲದೆ ನೋಂದಣಿಗೆ ಕೂರಬೇಡಿ.

ನಮ್ಮ ಜಗಳ ಈಗ ನಿಂತಿರೋದು ಹೆಚ್ಚುವರಿ ಭದ್ರತಾ ಠೇವಣಿ ಮೇಲೆ. ಸರಾಸರಿ ಎರಡು ತಿಂಗಳ ಬಿಲ್‌ನಷ್ಟು ಠೇವಣಿ ಇರಬೇಕು. ಬಳಕೆ ಏರಿದರೆ ಮೇಲೆ ಕಟ್ಟಿ ಅಂತ ಬಿಲ್‌ನಲ್ಲೇ ಬರುತ್ತೆ. ನಮಗೂ ಬಂತು, ಕರೆಂಟ್ ಕಟ್ ಮಾಡಿಯಾರು ಅಂತ ಕಟ್ಟಿದೆವು. ಆದರೆ ಆ ಠೇವಣಿ ನಿಲ್ಲೋದು ಖಾತೆದಾರನ ಹೆಸರಲ್ಲಿ, ವರ್ಷಕ್ಕೊಮ್ಮೆ ಅದರ ಬಡ್ಡಿ ಜಮಾ ಆಗೋದೂ ಅದೇ ಖಾತೆಗೆ. ಮನೆ ಬಿಡ್ತೀವಿ, ಆ ದುಡ್ಡನ್ನು ಅಡ್ವಾನ್ಸ್ ಜೊತೆ ವಾಪಸ್ ಕೊಡಿ ಅಂದರೆ "ಕರೆಂಟ್ ಸುಟ್ಟವರು ನೀವಲ್ವಾ" ಅನ್ನುತ್ತಾರೆ. ಮೋಟರ್ ಲೆಕ್ಕ ತೆಗೆದಾಗ ಮಾತ್ರ ಸುಮ್ಮನಾಗುತ್ತಾರೆ. ಹೊಸ ಮನೆಯ ಕರಾರಿನಲ್ಲಿ ಜಕಾತಿ, ಲೋಡ್, ಸೇರುವ ದಿನದ ಮೀಟರ್ ರೀಡಿಂಗ್, ಠೇವಣಿ ಯಾರದ್ದು ಅನ್ನೋದನ್ನು ಬರೆಸಿದ್ದೇನೆ. ಬರೆಯುವಾಗ ಬಾಂಡ್ ರೈಟರ್ ತಲೆ ಎತ್ತಿ ನೋಡಿ, ಇದನ್ನೆಲ್ಲ ಯಾರೂ ಬರೆಸಲ್ಲ ಸಾರ್ ಅಂದ. ಹೊಸ ಓನರ್ ಮಾತಾಡದೆ ಸಹಿ ಹಾಕಿದರು.