ಮೆಡಿಕಲ್ ಗಾಂಜಾ ಕಾರ್ಡ್ ಮಾಡಿಸ್ಕೊಡೋ ಆನ್‌ಲೈನ್ ಕ್ಲಿನಿಕ್‌ಗೆ 2 ಸ್ಟಾರ್, ಅಂಗಡಿಯ ಫಾರ್ಮಸಿಸ್ಟ್‌ಗೆ 5

ಕ್ಲಿನಿಕ್ ಹೆಸರು ಬರೀತಿಲ್ಲ, ಒಂದನ್ನ ಬೈದು ಇನ್ನೊಂದಕ್ಕೆ ಗಿರಾಕಿ ಕಳಿಸೋ ಕೆಲಸ ನಂದಲ್ಲ. ಆದ್ರೆ ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಇರೋ ನಮ್ಮವರು ಸುಮಾರು ಜನ ಗುಟ್ಟಾಗಿ ಕೇಳ್ತಾ ಇರ್ತಾರೆ, "ಅಂಕಲ್, ನೀವು ಆ ಕಾರ್ಡ್ ಮಾಡಿಸ್ಕೊಂಡ್ರಂತೆ, ಹೇಗೆ, ಯಾವ ಕಾಯಿಲೆಗೆ ಕೊಡ್ತಾರೆ" ಅಂತ, ದೇವಸ್ಥಾನದ ಪಾರ್ಕಿಂಗ್ ಲಾಟಲ್ಲಿ ಪಿಸುಗುಟ್ಟೋ ಬದ್ಲು ಒಂದೇ ಸಲ ಬರೆದು ಹಾಕ್ತಿದೀನಿ.

ನಂಗೆ ಶುಗರ್ ಬಂದು 19 ವರ್ಷ. ನಾಲ್ಕು ವರ್ಷದಿಂದ ಪಾದ ಉರಿ. ಉರಿ ಅಂದ್ರೆ ಅನುಭವಿಸಿದವರಿಗೇ ಗೊತ್ತು, ಹಗಲು ಹೇಗೋ ಕಳೆಯುತ್ತೆ, ರಾತ್ರಿ ಮಲಗಿದ್ರೆ ಸಾಕು ಕೆಂಡದ ಮೇಲೆ ಕಾಲಿಟ್ಟ ಹಾಗೆ, ಹೊದಿಕೆ ತಗುಲಿದ್ರೂ ಚುರ್ ಅನ್ನುತ್ತೆ, ಎದ್ದು ಬಾತ್‌ರೂಮ್ ಟೈಲ್ಸ್ ಮೇಲೆ ತಣ್ಣಗೆ ನಿಂತ್ಕೊಳ್ಳೋದು, ಮತ್ತೆ ಬರೋದು, ಮತ್ತೆ ಹೋಗೋದು. ಗ್ಯಾಬಪೆಂಟಿನ್ ಕೊಟ್ರು, ಆಫೀಸಲ್ಲಿ ಮೀಟಿಂಗ್ ನಡುವೆ ತೂಕಡಿಸಿದೆ. ಡುಲಾಕ್ಸೆಟಿನ್ ಕೊಟ್ರು, ಹೊಟ್ಟೆ ತೊಳಸೋದು ನಿಲ್ಲಲಿಲ್ಲ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ಬಿ12 ಇಳಿದು ಅದೇ ನರದ ತೊಂದ್ರೆ ಹೆಚ್ಚಿಸಬಹುದು ಅಂತ ಅದನ್ನೂ ಚೆಕ್ ಮಾಡಿಸಿ ಸರಿ ಮಾಡಿದ್ರು (ನೀವೂ ಮೆಟ್‌ಫಾರ್ಮಿನ್ ತಗೋತಿದ್ರೆ ಚೆಕ್ ಮಾಡಿಸಿ, ಇದಕ್ಕೂ ಗಾಂಜಾಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳ್ದೆ). ಕೊನೆಗೆ ನ್ಯೂರಾಲಜಿಸ್ಟ್ ಭುಜ ಹಾರಿಸಿ, ಬೇಕಾದ್ರೆ ಗಾಂಜಾ ಟ್ರೈ ಮಾಡಿ, ನಾನು ಸರ್ಟಿಫೈ ಮಾಡಲ್ಲ ಅಂದ್ರು.

ಈ ಸರ್ಟಿಫೈ ಅನ್ನೋದು ಏನು ಅಂತ ಮೊದ್ಲು ತಿಳ್ಕೊಳ್ಳಿ. ಇಲ್ಲಿ ಡಾಕ್ಟರ್ ಗಾಂಜಾನ ಚೀಟಿಯಲ್ಲಿ ಬರೆದು ಕೊಡೋ ಹಾಗಿಲ್ಲ. 2016ರ ಆಕ್ಟ್ 16 ಅನ್ನೋ ರಾಜ್ಯದ ಕಾನೂನಲ್ಲಿ ಕಾಯಿಲೆಗಳ ಒಂದು ಲಿಸ್ಟ್ ಇದೆ, ಈ ರೋಗಿಗೆ ಆ ಲಿಸ್ಟಲ್ಲಿರೋ ಕಾಯಿಲೆ ಇದೆ ಅಂತ ರಾಜ್ಯದಲ್ಲಿ ರಿಜಿಸ್ಟರ್ ಆಗಿರೋ ಡಾಕ್ಟರ್ ದೃಢೀಕರಿಸ್ತಾರೆ, ಅಷ್ಟೆ. ಅವರಿಗೆ ಅದಕ್ಕೆ 4 ಗಂಟೆ ಟ್ರೈನಿಂಗ್ ಕಡ್ಡಾಯ. ಶುರುವಲ್ಲಿ 17 ಕಾಯಿಲೆ ಇತ್ತು, ಆಮೇಲೆ ಸೇರಿಸ್ತಾ ಬಂದ್ರು, 2019ರ ಜುಲೈಯಲ್ಲಿ ಆಂಕ್ಸೈಟಿ, ಟುರೆಟ್ ಸಿಂಡ್ರೋಮ್ ಸೇರ್ತು. ಕ್ಯಾನ್ಸರ್, ಎಪಿಲೆಪ್ಸಿ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಎಚ್‌ಐವಿ, ಕ್ರೋನ್ಸ್, ಸಿಕಲ್ ಸೆಲ್, ಪಿಟಿಎಸ್‌ಡಿ, ಆಟಿಸಂ, ಗ್ಲಾಕೋಮಾ, ವಾಸಿಯಾಗದ ತೀವ್ರ ನೋವು ಎಲ್ಲಾ ಇದೆ. ನನ್ನದು ನ್ಯೂರೋಪಥಿ, ಅಂದ್ರೆ ನರದ ಹಾನಿ, ಅನ್ನೋ ಸಾಲಲ್ಲಿ ಬರುತ್ತೆ. ಪಕ್ಕದ ರಾಜ್ಯದ ಲಿಸ್ಟೇ ಬೇರೆ, ಹಾಗಾಗಿ ನ್ಯೂಜೆರ್ಸಿ ಫ್ರೆಂಡ್ ಹೇಳಿದ್ದನ್ನ ನಂಬ್ಕೊಂಡು ಕೂತ್ಕೋಬೇಡಿ.

ಈಗ ಕ್ಲಿನಿಕ್ ವಿಷಯ. 2021ರಲ್ಲಿ ಕಾನೂನು ತಿದ್ದಿ ಫೋನು ವಿಡಿಯೋದಲ್ಲೂ ಸರ್ಟಿಫೈ ಮಾಡಬಹುದು ಅಂತ ಕಾಯಂ ಮಾಡಿದ ಮೇಲೆ ಮನೆಯಲ್ಲೇ ಕೂತು ಮುಗಿಸಬಹುದು, ಅದು ಒಳ್ಳೇದೇ, ನಡೆಯಕ್ಕಾಗದವರಿಗೆ ವರ. ಮೊದ್ಲು ರಾಜ್ಯದ ಹೆಲ್ತ್ ಡಿಪಾರ್ಟ್‌ಮೆಂಟ್ ವೆಬ್‌ಸೈಟಲ್ಲಿ ನಾವೇ ರಿಜಿಸ್ಟರ್ ಆಗಿ ಪೇಶೆಂಟ್ ನಂಬರ್ ತಗೋಬೇಕು, ಕ್ಲಿನಿಕ್‌ಗೆ ನಾನು ಕೊಟ್ಟಿದ್ದು 149 ಡಾಲರ್, ಸರ್ಟಿಫೈ ಆದ ಮೇಲೆ ರಾಜ್ಯಕ್ಕೆ 50 ಡಾಲರ್, ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಇನ್ಶೂರೆನ್ಸ್) ಥರದ ಸ್ಕೀಮಲ್ಲಿ ಇರೋರಿಗೆ ಆ 50 ಇಲ್ಲ. ಇನ್ಶೂರೆನ್ಸ್ ಒಂದು ಪೈಸೆ ಕೊಡಲ್ಲ. ಅಪಾಯಿಂಟ್‌ಮೆಂಟ್ ಮರುದಿನವೇ ಸಿಕ್ತು, ಹೇಳಿದ ಟೈಮಿಗೆ ಕಾಲ್ ಬಂತು, ಕಾರ್ಡ್ ಪೋಸ್ಟಲ್ಲಿ ಬಂತು. ಎರಡು ಸ್ಟಾರ್ ಕೊಟ್ಟಿದ್ದು ಇಷ್ಟಕ್ಕೇ.

ಕಾಲ್ ನಡೆದಿದ್ದು ಆರು ನಿಮಿಷ. ಡಾಕ್ಟರ್ ನನ್ನ ಮುಖಕ್ಕಿಂತ ಜಾಸ್ತಿ ಅವರ ಇನ್ನೊಂದು ಸ್ಕ್ರೀನ್ ನೋಡ್ತಿದ್ರು. ನರ್ವ್ ಟೆಸ್ಟ್ ರಿಪೋರ್ಟ್ ಇದೆಯಾ, ಇದೆ. ಡಯಾಬಿಟಿಕ್ ನ್ಯೂರೋಪಥಿ ಅಂತ ಬರೆದಿದೆಯಾ, ಬರೆದಿದೆ. ಸರಿ, ಅಪ್ರೂವ್ಡ್, ಹ್ಯಾವ್ ಎ ಗ್ರೇಟ್ ಡೇ. ನಾನು ಬೇರೆ ಏನು ಮಾತ್ರೆ ತಗೋತೀನಿ ಅಂತ ಒಂದು ಮಾತು ಕೇಳಲಿಲ್ಲ. ಫಾರ್ಮಲ್ಲಿ ತುಂಬಿದ್ದೆ, ಓದಿದಾರೆ ಅಂತ ನಾನೂ ಸುಮ್ನಾದೆ, ಆ ತಪ್ಪು ನಂದೂ ಹೌದು. ನನ್ನ ಹಾರ್ಟಲ್ಲಿ ಮೆಕ್ಯಾನಿಕಲ್ ವಾಲ್ವ್ ಇದೆ ಸ್ವಾಮಿ, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ವಾರ್ಫರಿನ್ ಮಾತ್ರೆ ನುಂಗ್ತೀನಿ.

ಇನ್ನೊಂದು. ನನ್ನ ಹೆಂಡತಿಗೆ ಮೈಗ್ರೇನ್. ಇವಳಿಗೂ ಆಗುತ್ತಾ ಅಂತ ಅವರ ಚಾಟಲ್ಲಿ ಕೇಳಿದ್ರೆ, ಮೈಗ್ರೇನ್ ಇಲ್ಲಿಯ ಲಿಸ್ಟಲ್ಲಿಲ್ಲ, ಆದ್ರೆ ತಲೆನೋವು ಬರುತ್ತೆ ಅಂತ ಟೆನ್ಶನ್ ಆಗುತ್ತಲ್ವಾ, ಆಂಕ್ಸೈಟಿ ಅಂತ ಟಿಕ್ ಮಾಡಿ ಅಂತ ಉತ್ರ. ಅವಳು ಓದಿ ನಕ್ಕಳು, "ಟೆನ್ಶನ್ ಇರೋದು ನಿಮ್ಮಿಂದ, ಅದಕ್ಕೂ ಒಂದು ಬಾಕ್ಸ್ ಇದೆಯಾ ಕೇಳಿ" ಅಂದ್ಳು. ನಗು ಬಂತು ನಿಜ, ಆದ್ರೆ ಇದೇ ಇವರ ವ್ಯಾಪಾರ, ನಿಮ್ಮ ಕಾಯಿಲೆ ಲಿಸ್ಟಲ್ಲಿಲ್ಲ ಅಂದ್ರೆ ಲಿಸ್ಟಲ್ಲಿರೋ ಕಾಯಿಲೆಯನ್ನ ನಿಮಗೆ ಅಂಟಿಸೋದು.

ಲಿಸ್ಟಲ್ಲಿ ಇದೆ ಅಂದ ಮಾತ್ರಕ್ಕೆ ಕೆಲಸ ಮಾಡುತ್ತೆ ಅಂತಲೂ ಅಲ್ಲ, ಇದು ನಂಗೆ ಆಮೇಲೆ ಓದ್ತಾ ಗೊತ್ತಾಗಿದ್ದು. 2017ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ದೊಡ್ಡ ವರದಿ ತಂತು, ಗಟ್ಟಿ ಆಧಾರ ಇದೆ ಅಂತ ಅವರು ಹೇಳಿದ್ದು ಮುಖ್ಯವಾಗಿ ಮೂರಕ್ಕೆ: ದೊಡ್ಡವರ ದೀರ್ಘಕಾಲದ ನೋವು, ಕೀಮೋ ವಾಂತಿ, ಮತ್ತೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನವರ ಸ್ನಾಯು ಬಿಗಿತ. ಮಕ್ಕಳ ಡ್ರವೆ, ಲೆನಾಕ್ಸ್ ಗ್ಯಾಸ್ಟೋ ಅನ್ನೋ ಫಿಟ್ಸ್‌ಗೆ ಗಾಂಜಾ ಗಿಡದ ಮತ್ತು ಬರಿಸದ ಅಂಶ ಸಿಬಿಡಿಯಿಂದ ಮಾಡಿದ ಎಪಿಡಿಯೋಲೆಕ್ಸ್ ಅನ್ನ 2018ರಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಫೆಡರಲ್ ಸಂಸ್ಥೆ ಎಫ್‌ಡಿಎನೇ ಒಪ್ಪಿದೆ, ಅದನ್ನ ಮಾಮೂಲಿ ಫಾರ್ಮಸಿಯಿಂದ ಡಾಕ್ಟರ್ ಚೀಟಿ ಮೇಲೇ ತಗೋಬಹುದು, ಈ ಕಾರ್ಡೇ ಬೇಡ. ಆದ್ರೆ ಗ್ಲಾಕೋಮಾ ನೋಡಿ, ಕಣ್ಣಿನ ಒತ್ತಡ ಇಳಿಯೋದು ಮೂರ್ನಾಲ್ಕು ಗಂಟೆ ಅಷ್ಟೇ, ದಿನವಿಡೀ ಇಳಿದಿರಬೇಕು ಅಂದ್ರೆ ಹಗಲೂ ರಾತ್ರಿ ಮತ್ತಲ್ಲೇ ಇರಬೇಕು, ಕಣ್ಣಿನ ಡಾಕ್ಟರ್‌ಗಳ ಅಮೆರಿಕನ್ ಅಕಾಡೆಮಿ ಬೇಡ ಅಂತಲೇ ಹೇಳುತ್ತೆ, ಆದ್ರೂ ಲಿಸ್ಟಲ್ಲಿದೆ. ಅಷ್ಟ್ಯಾಕೆ, ನನ್ನ ಕಾಯಿಲೆದೇ ಹೇಳ್ತೀನಿ. ಬೇರೆ ಬೇರೆ ಸ್ಟಡಿಗಳನ್ನ ಒಟ್ಟುಮಾಡಿ ತೂಗೋ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ನರದ ನೋವಿನ 16 ಸ್ಟಡಿ, 1750 ಜನರ ಲೆಕ್ಕ ತೆಗೆದಾಗ ನೋವು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದು ಔಷಧಿ ತಗೊಂಡವರಲ್ಲಿ ನೂರಕ್ಕೆ 21 ಜನಕ್ಕೆ, ಸುಳ್ಳು ಮಾತ್ರೆ ತಗೊಂಡವರಲ್ಲಿ 17 ಜನಕ್ಕೆ. ನಾಲ್ಕೇ ಜನದ ವ್ಯತ್ಯಾಸ. 149 ಡಾಲರ್ ಕಟ್ಟೋ ಮುಂಚೆ ಇದನ್ನ ಯಾರಾದ್ರೂ ಹೇಳಿದ್ರೆ ಬಹುಶಃ ಆಗಲೂ ಕಟ್ತಿದ್ದೆ, ಆ ರಾತ್ರಿಗಳು ಹಾಗಿದ್ವು, ಆದ್ರೆ ಗೊತ್ತಿದ್ದು ಕಟ್ತಿದ್ದೆ.

ಅಂಗಡಿಗೆ ಬರೋಣ, ಡಿಸ್ಪೆನ್ಸರಿ ಅಂತಾರೆ. ನಾನು ಏನೋ ಹೊಗೆ ತುಂಬಿರೋ ಗೂಡಂಗಡಿ ಥರ ಇರುತ್ತೆ ಅಂದ್ಕೊಂಡಿದ್ದೆ, ಹೋಗಿ ನೋಡಿದ್ರೆ ಡೆಂಟಿಸ್ಟ್ ವೇಟಿಂಗ್ ರೂಮ್ ಇದ್ದ ಹಾಗಿದೆ, ಬಾಗಿಲಲ್ಲೇ ಕಾರ್ಡ್ ಐಡಿ ಎರಡೂ ನೋಡ್ತಾರೆ, ನನ್ನ ಪಕ್ಕ ಕೂತಿದ್ದವರು ಸ್ವೆಟರ್ ಹೆಣೀತಿದ್ದ ಅಜ್ಜಿ. ಮೊದಲ ಸಲ ಹೋದವರು ಫಾರ್ಮಸಿಸ್ಟ್ ಜೊತೆ ಮಾತಾಡಲೇಬೇಕು. ಆ ಹೆಣ್ಣುಮಗಳು ಅರ್ಧ ಗಂಟೆ ಕೂತು ಒಂದೊಂದು ಮಾತ್ರೆ ಹೆಸರು ಬರೆಸ್ಕೊಂಡ್ರು, ವಾರ್ಫರಿನ್ ಅಂದ ತಕ್ಷಣ ಪೆನ್ನು ನಿಲ್ಲಿಸಿದ್ರು. ಸಿಬಿಡಿ, ಮತ್ತು ಬರಿಸೋ ಅಂಶವಾದ ಟಿಎಚ್‌ಸಿ, ಎರಡೂ ಲಿವರಲ್ಲಿ ವಾರ್ಫರಿನ್ ಕರಗೋದನ್ನ ತಡೀಬಹುದು, ರಕ್ತ ಜಾಸ್ತಿ ತೆಳ್ಳಗಾಗುತ್ತೆ, ಸರ್ಟಿಫೈ ಮಾಡಿದವರು ಹೇಳಲಿಲ್ವಾ ಅಂದ್ರು. ಇವತ್ತು ನಾನು ನಿಮಗೆ ಏನೂ ಮಾರಲ್ಲ, ಮೊದ್ಲು ಐಎನ್‌ಆರ್ (ರಕ್ತ ಎಷ್ಟು ತೆಳ್ಳಗಿದೆ ಅನ್ನೋ ಟೆಸ್ಟ್) ನೋಡೋ ಕ್ಲಿನಿಕ್‌ಗೆ ಫೋನ್ ಮಾಡಿ ಒಪ್ಪಿಗೆ ತಗೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ಗಿರಾಕಿನ ಬರಿಗೈಲಿ ಕಳಿಸಿದ ಅಂಗಡಿ, ಐದು ಸ್ಟಾರ್ ಅಲ್ಲದೆ ಇನ್ನೇನು.

ವಾರ ಬಿಟ್ಟು ಹೋಗಿ ಟಿಂಚರ್ ತಂದೆ, ನಾಲಿಗೆ ಕೆಳಗೆ ಹನಿ ಹಾಕೋ ಎಣ್ಣೆ, ಟಿಎಚ್‌ಸಿ ಸಿಬಿಡಿ ಸಮ ಸಮ, ರಾತ್ರಿ ಎರಡೂವರೆ ಮಿಲಿಗ್ರಾಂನಿಂದ ಶುರು. ಇಲ್ಲಿ ಬೀಡಿ ಥರ ಸೇದೋದು ಕಾನೂನು ಪ್ರಕಾರ ಇಲ್ಲ, ಒಣ ಹೂವು ಸಿಗುತ್ತೆ ಆದ್ರೆ ಬಿಸಿ ಮಾಡಿ ಆವಿ ಎಳ್ಕೋಬೇಕು. ಕ್ರೆಡಿಟ್ ಕಾರ್ಡ್ ತಗೊಳ್ಳಲ್ಲ, ಕ್ಯಾಶ್ ಇಲ್ಲಾ ಡೆಬಿಟ್, ಆದ್ರೆ ಒಳಗಿದ್ದ ಎಟಿಎಂ ಕೆಟ್ಟಿತ್ತು, ಅಂಗಡಿಗೆ ಒಂದು ಸ್ಟಾರ್ ಕಟ್. ಸೇಲ್ಸ್ ಟ್ಯಾಕ್ಸ್ ಇಲ್ಲ.

ಫಲ ಏನು ಅಂದ್ರೆ, ಉರಿ ಹೋಗಿಲ್ಲ. ಉರಿ ಇದೆ, ಆದ್ರೆ ಪಕ್ಕದ ಮನೆಯಲ್ಲಿ ಟಿವಿ ಹಾಕಿದ ಹಾಗೆ, ಕೇಳ್ಸುತ್ತೆ, ನಿದ್ದೆ ಬರುತ್ತೆ. ಐದು ಗಂಟೆ ಒಂದೇ ಸಮ ಮಲಗಿ ಎದ್ದ ದಿನ ನಾನೇ ಕಾಫಿ ಮಾಡ್ದೆ. ಅಡ್ಡ ಪರಿಣಾಮನೂ ಇದೆ, ಬಾಯಿ ಒಣಗೋದು, ಬೇಗ ಎದ್ರೆ ತಲೆ ತಿರುಗೋದು, ಮತ್ತೆ ರಾತ್ರಿ ಹನ್ನೊಂದಕ್ಕೆ ಎಂಥಾ ಹಸಿವು ಅಂದ್ರೆ ಚಕ್ಕುಲಿ ಡಬ್ಬದ ಮುಂದೆ ಕಳ್ಳನ ಥರ ಸಿಕ್ಕಿಬಿದ್ದಿದೀನಿ, ಶುಗರ್ ಪೇಶೆಂಟ್‌ಗೆ ಇದು ತಮಾಷೆ ಅಲ್ಲ. ಮೂರನೇ ವಾರ ಐಎನ್‌ಆರ್ 3.9ಕ್ಕೆ ಏರಿತ್ತು, ಎಣ್ಣೆಯಿಂದಲೇ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ, ವಾರ್ಫರಿನ್ ಸ್ವಲ್ಪ ಇಳಿಸಿದ್ರು, ಸರಿಹೋಯ್ತು. ಆ ಫಾರ್ಮಸಿಸ್ಟ್ ಹೇಳದೆ ಇದ್ದಿದ್ರೆ ನಾನು ಎರಡು ತಿಂಗಳು ಟೆಸ್ಟ್ ಮಾಡಿಸ್ತಾನೇ ಇರಲಿಲ್ಲ. ಬೆಳಿಗ್ಗೆ ಕಾರ್ ಓಡಿಸೋದು ಇನ್ನೊಂದು ತಲೆನೋವು, ರಕ್ತದಲ್ಲಿ ಗಾಂಜಾ ಅಂಶ ಸಿಕ್ರೂ ಸಾಕು, ಕಾರ್ಡ್ ತೋರಿಸಿದ್ರೂ ಇಲ್ಲಿ ಡಿಯುಐ, ಅಂದ್ರೆ ಮತ್ತಲ್ಲಿ ಗಾಡಿ ಓಡಿಸಿದ ಕೇಸ್ ಆಗಬಹುದು. ಇದನ್ನೂ ಕ್ಲಿನಿಕ್‌ನವರು ಹೇಳಲಿಲ್ಲ.

ಇನ್ನು ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದ್ದು. ನನ್ನ ಭಾವಮೈದನಿಗೆ ಬೆನ್ನು ನೋವು, ಎರಡು ಸರ್ಜರಿ ಆಗಿದೆ, ತೀವ್ರ ನೋವಿನ ಸಾಲಲ್ಲಿ ಆರಾಮಾಗಿ ಬರ್ತಾನೆ. ಗ್ರೀನ್ ಕಾರ್ಡ್ ಇದೆ, ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕೋನು. ಅದೇ ಚಾಟಲ್ಲಿ ಕೇಳಿದ್ರೆ ನೋ ಪ್ರಾಬ್ಲಂ, ಪೆನ್ಸಿಲ್ವೇನಿಯಾ ನಿವಾಸಿ ಆದ್ರೆ ಸಾಕು ಅಂದ್ರು. ರಾಜ್ಯದ ಲೆಕ್ಕಕ್ಕೆ ಸಾಕು, ಸರಿ. ಆದ್ರೆ 1970ರ ಫೆಡರಲ್ ಕಾನೂನಲ್ಲಿ ಗಾಂಜಾ ನಿಯಂತ್ರಿತ ಪದಾರ್ಥಗಳ ಪಟ್ಟಿಗೆ ಸೇರಿದ್ದು, ಮತ್ತೆ 2019ರ ಏಪ್ರಿಲ್‌ನಲ್ಲಿ ಇಮಿಗ್ರೇಶನ್ ಇಲಾಖೆ ಸ್ಪಷ್ಟವಾಗಿ ಸೂಚನೆ ಹೊರಡಿಸಿತು, ರಾಜ್ಯದಲ್ಲಿ ಕಾನೂನುಬದ್ಧವಾಗಿದ್ರೂ ಗಾಂಜಾ ಬಳಸಿದ್ದು ಸಿಟಿಜನ್‌ಶಿಪ್‌ಗೆ ಬೇಕಾದ ಸನ್ನಡತೆಗೆ ಅಡ್ಡ ಬರಬಹುದು ಅಂತ. ಎಚ್1ಬಿ, ಗ್ರೀನ್ ಕಾರ್ಡ್‌ನವರು ಕ್ಲಿನಿಕ್‌ಗೆ ದುಡ್ಡು ಕಟ್ಟೋ ಮುಂಚೆ ಇಮಿಗ್ರೇಶನ್ ವಕೀಲರ ಹತ್ರ ಹೋಗಿ. ನಾನು ಸಿಟಿಜನ್ ಆಗಿ ವರ್ಷಗಳಾಯ್ತು ಅಂತ ಧೈರ್ಯ ಮಾಡ್ದೆ, ಅವನಿಗೆ ನಾನೇ ಬೇಡ ಅಂದೆ, ಈಗ ಫಿಸಿಯೋಥೆರಪಿಗೆ ಹೋಗ್ತಿದಾನೆ, ನನ್ನ ಮೇಲೆ ಸ್ವಲ್ಪ ಕೋಪ ಇದೆ. ಊರಿಗೆ ಹೋಗೋವಾಗ ಬಾಟಲಿ ಬ್ಯಾಗಲ್ಲಿ ಇರಲೇಬಾರದು ಅಂತ ಬೇರೆ ಹೇಳಬೇಕಾಗಿಲ್ಲ ತಾನೆ, ಅದಿರಲಿ, ಸೇತುವೆ ದಾಟಿ ನ್ಯೂಜೆರ್ಸಿಗೆ ಒಯ್ದರೂ ಫೆಡರಲ್ ಅಪರಾಧವೇ.

ಕಾರ್ಡ್‌ಗೆ ಒಂದೇ ವರ್ಷ ಆಯಸ್ಸು, ಮುಂದಿನ ತಿಂಗಳು ರಿನ್ಯೂ ಮಾಡಿಸಬೇಕು. ಕ್ಲಿನಿಕ್‌ನಿಂದ ದಿನಕ್ಕೆರಡು ಮೆಸೇಜ್ ಬರ್ತಿದೆ, 20 ಡಾಲರ್ ಡಿಸ್ಕೌಂಟ್ ಅಂತೆ. ಫಾರ್ಮಸಿಸ್ಟ್ ಹೇಳಿದ ಇನ್ನೊಬ್ಬ ಡಾಕ್ಟರ್ ಇದಾರೆ, ನಲವತ್ತು ಮೈಲಿ ದೂರ, ಎದುರಿಗೆ ಕೂರಿಸ್ಕೊಂಡು ನೋಡ್ತಾರಂತೆ, ಮಾತ್ರೆ ಡಬ್ಬ ಎಲ್ಲಾ ತಗೊಂಡು ಬನ್ನಿ ಅಂದಿದಾರೆ. ಅಲ್ಲಿಗೇ ಹೋಗ್ತೀನಿ.