ಶೂರ್ ಎಸ್‌ಎಂ58: ಆರು ವರ್ಷ ನನ್ನ ಜೊತೆ ಹಾಡಿದ ಮೈಕು

ನಮ್ಮ ಚಿಕ್ಕಪ್ಪ ಸಾಗರದ ಕಡೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ಗಣೇಶನ ಹಬ್ಬ, ಬಯಲಾಟ, ಎಲ್ಲಕ್ಕೂ ಅವರೇ. ಅಡಿಕೆ ಮರಕ್ಕೆ ಹಾರ್ನ್ ಕಟ್ಟಿ, ಆಂಪ್ಲಿಫೈಯರ್ ಬಿಸಿಯಾಗುವವರೆಗೆ ಕಾದು, ನನ್ನನ್ನು ಕರೆಯುತ್ತಿದ್ದರು: "ಬಾ ಪುಟ್ಟಿ, ಒಂದು ಪದ ಹೇಳು." ನನಗಾಗ ಏಳು ವರ್ಷ. ಮೈಕಿನ ಜಾಲರಿಗೆ ತುಕ್ಕಿನ ವಾಸನೆ ಇರುತ್ತಿತ್ತು. ನಾನು ಹಾಡಿದ್ದು ತೋಟದಾಚೆಯ ಗುಡ್ಡಕ್ಕೆ ಬಡಿದು ಅರೆಕ್ಷಣ ತಡವಾಗಿ ವಾಪಸ್ ಬರುತ್ತಿತ್ತು. ಚಿಕ್ಕಪ್ಪ ನನ್ನ ಗಲ್ಲಕ್ಕೂ ಮೈಕಿಗೂ ನಡುವೆ ಕೈ ಅಡ್ಡ ಇಟ್ಟು ಹೇಳುತ್ತಿದ್ದರು, "ನಾಲ್ಕು ಬೆರಳು ಅಂತರ. ನುಂಗಲೂಬೇಡ, ದೂರ ಓಡಲೂಬೇಡ."

ಈ ವಿಮರ್ಶೆ ಬರೆಯೋಕೆ ಕೂತಾಗ ಮೊದಲು ನೆನಪಾಗಿದ್ದು ಆ ನಾಲ್ಕು ಬೆರಳು.

ಆಮೇಲಿನದು ನಮ್ಮ ಕಡೆಯ ಬಹಳ ಮಕ್ಕಳ ಕಥೆಯೇ. ಸಂಜೆ ಹಾರ್ಮೋನಿಯಂ ಪಾಠ, ಭಾವಗೀತೆ ಸ್ಪರ್ಧೆ, ಸಿ. ಅಶ್ವತ್ಥ್ ಕ್ಯಾಸೆಟ್ಟು, ಶಿಶುನಾಳ ಷರೀಫರ ತತ್ವಪದ. ಹೆಗ್ಗೋಡಿನ ನೀನಾಸಂನಲ್ಲಿ ಮೈಕಿಲ್ಲದೆ ಕಡೇ ಸಾಲಿಗೂ ಮಾತು ಮುಟ್ಟಿಸುವ ನಟರನ್ನು ನೋಡಿದ ಮೇಲೆ, ರಾಗಕ್ಕಿಂತ ಮೊದಲು ಮಾತು ಕೇಳಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು. ಪಿಯುಸಿಯಲ್ಲಿ ನಾನೇ ಬರೆಯೋಕೆ ಶುರು ಮಾಡಿದೆ. ಗಿಟಾರ್ ಕಲಿತಿದ್ದು ಕೆಲಸಕ್ಕೆ ಬೆಂಗಳೂರಿಗೆ ಬಂದ ಮೇಲೆ.

2017ರಲ್ಲಿ ಒಂದು ಕೆಫೆಯಲ್ಲಿ ಮೊದಲ ಸಲ ಸ್ವಂತ ಹಾಡುಗಳನ್ನೇ ಹಾಡಿದೆ. ಅಲ್ಲಿದ್ದ ಮೈಕು ಎಷ್ಟು ಮಂದವಾಗಿತ್ತು ಅಂದರೆ, ಮೂರನೇ ಹಾಡು ಮುಗಿದಾಗ ಮುಂದೆ ಕೂತಿದ್ದ ಹುಡುಗನೊಬ್ಬ ಬಂದು, "ಅಕ್ಕ, ಇದು ಯಾವ ಭಾಷೆ?" ಅಂತ ಕೇಳಿದ. ಅವನೂ ಕನ್ನಡದವನೇ. ಅವತ್ತು ರಾತ್ರಿ ಮೆಟ್ರೋದಲ್ಲಿ ಕೂತು ಅತ್ತಿದ್ದು ನೆನಪಿದೆ. ಸಿನಿಮಾ ಹಾಡಾಗಿದ್ದರೆ ಜನ ಮೊದಲೇ ಬಲ್ಲ ಸಾಲನ್ನು ತಾವೇ ತುಂಬಿಕೊಳ್ಳುತ್ತಾರೆ. ಸ್ವಂತ ಹಾಡು ಹಾಡುವವರಿಗೆ ಆ ಅನುಕೂಲ ಇಲ್ಲ. ಒಂದೊಂದು ಪದವೂ ಅಲ್ಲೇ, ಆಗಲೇ ತಲುಪಬೇಕು. ಸ್ವಂತ ಮೈಕು ಕೊಳ್ಳಬೇಕು ಅಂತ ತೀರ್ಮಾನಿಸಿದ್ದು ಹಾಗೆ.

ಮೊದಲ ಸಲ ಮೋಸಹೋದೆ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತರಿಸಿದ ಎಸ್‌ಎಂ58 ನಕಲಿ. ಪೆಟ್ಟಿಗೆ, ಚೀಲ, ಅಕ್ಷರ ಎಲ್ಲ ಥೇಟ್ ಅಸಲಿಯ ಹಾಗೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟಾಗ ಬಣ್ಣ ಬಯಲಾಯಿತು. ಅಸಲಿ ಎಸ್‌ಎಂ58 ತೂಕ 298 ಗ್ರಾಂ. ನನ್ನದು ಎಷ್ಟೋ ಹಗುರ. ಈ ಮೈಕಿಗೆ ಇರುವಷ್ಟು ನಕಲು ಬೇರೆ ಮೈಕುಗಳಿಗೆ ಕಡಿಮೆ. ಹಾಗಾಗಿ ಅಧಿಕೃತ ಮಾರಾಟಗಾರರ ಹತ್ತಿರ ಬಿಲ್ ಸಮೇತವೇ ತಗೊಳ್ಳಿ. 2019ರಲ್ಲಿ ನಾನು ಹಾಗೆ ತಂದೆ, ಒಂಬತ್ತು ಸಾವಿರದ ಹತ್ತಿರ ಆಯಿತು. ಜೊತೆಗೆ ಸಿಕ್ಕಿದ್ದು ಕ್ಲಿಪ್ಪು ಮತ್ತು ಜಿಪ್ ಚೀಲ. ಕೇಬಲ್ ಬೇರೆ ಕೊಳ್ಳಬೇಕು.

ಶೂರ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿದ್ದು 1966ರಲ್ಲಿ. ಹೆಸರಿನಲ್ಲಿರುವ ಎಸ್‌ಎಂ ಅಂದರೆ ಸ್ಟುಡಿಯೋ ಮೈಕ್ರೋಫೋನ್. ಸ್ಟುಡಿಯೋಗೆಂದು ಹುಟ್ಟಿದ್ದು ವೇದಿಕೆಯಲ್ಲಿ ನೆಲೆ ನಿಂತಿತು, ಇವತ್ತಿಗೂ ಅಲ್ಲೇ ಇದೆ. ಡೈನಾಮಿಕ್ ಮೈಕು, ಹಾಗಾಗಿ ಫ್ಯಾಂಟಮ್ ಪವರ್, ಅಂದರೆ ಮಿಕ್ಸರಿನಿಂದ ಕೇಬಲ್ ಮೂಲಕ ಮೈಕಿಗೆ ಕೊಡುವ ವಿದ್ಯುತ್ತು, ಬೇಡ. ಹಳ್ಳಿಯ ಹಳೇ ಮಿಕ್ಸರಿಗೂ ಚುಚ್ಚಿ ಹಾಡಬಹುದು.

ನನಗೆ ಮುಖ್ಯವಾಗಿದ್ದು ಕನ್ನಡದ ಉಚ್ಚಾರ ಇದರಲ್ಲಿ ಹೇಗೆ ಬರುತ್ತದೆ ಅನ್ನೋದು. ನನ್ನ ಒಂದು ಹಾಡು ಶುರುವಾಗೋದೇ "ಭಾರಿ ಮಳೆಗೆ ಬಾಗಿಲು ತೆರೆದಿಟ್ಟ ಮನೆ" ಅಂತ. ಹಿಂದಿನ ಮೈಕುಗಳಲ್ಲಿ "ಭಾರಿ"ಯ ಭ ಒಂದೋ "ಧಡ್" ಅಂತ ಸ್ಪೀಕರಿಗೆ ಗುದ್ದುತ್ತಿತ್ತು, ಇಲ್ಲವೇ "ಬಾಗಿಲು"ವಿನ ಬ ಆಗಿಬಿಡುತ್ತಿತ್ತು. ಇದರ ದುಂಡು ಜಾಲರಿಯ ಒಳಗೆ ಸ್ಪಂಜಿನ ಪದರ ಇದೆ, ಉಸಿರಿನ ಹೊಡೆತವನ್ನು ಅದು ಬಹಳ ಮಟ್ಟಿಗೆ ತಡೆಯುತ್ತದೆ. ಮೇಲಿನ ಸ್ವರಭಾಗವನ್ನು ಕೊಂಚ ಎತ್ತಿ ಕೊಡುವುದರಿಂದ ತ, ಟ, ಸ, ಶ ಎಲ್ಲ ಗಿಟಾರಿನ ನಡುವಿನಿಂದ ಎದ್ದು ಬರುತ್ತವೆ. ಹಾಗಂತ ತುಟಿಗೆ ತಾಗಿಸಿಕೊಂಡು ಹಾಡಿದರೆ ಮಹಾಪ್ರಾಣ ಇಲ್ಲೂ ಗುದ್ದುತ್ತದೆ. ಹತ್ತಿರ ಹೋದಷ್ಟೂ ತಗ್ಗುದನಿ ಉಬ್ಬುವುದು ಇಂಥ ಮೈಕುಗಳ ಸ್ವಭಾವ. ನಾಲ್ಕು ಬೆರಳು ಅಂತರ, ಮೈಕು ಬಾಯಿಗೆ ನೇರವಾಗಿರದೆ ತುಸು ಓರೆ. ಚರಣದ ಕೊನೆಯಲ್ಲಿ ಪಿಸುದನಿ ಬಂದಾಗ ಮಾತ್ರ ಎರಡು ಬೆರಳಿಗೆ ಹೋಗುತ್ತೇನೆ, ಆಗ ಅದೇ ಉಬ್ಬು ದನಿಗೆ ಬೆಚ್ಚಗಿನ ತೂಕ ಕೊಡುತ್ತದೆ.

ಇದು ಮುಂದಿನಿಂದ ಬರುವ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವ ಕಾರ್ಡಿಯಾಯ್ಡ್ ಮೈಕು. ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರನ್ನು ಸರಿಯಾಗಿ ಮೈಕಿನ ಬೆನ್ನಿಗೆ ಇಡಿ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಲೇಬೇಡಿ, ಹಾಗೆ ಹಿಡಿದರೆ ಆ ಗುಣವೇ ಹೋಗಿ "ಕುಂಯ್" ಅಂತ ಕೂಗುತ್ತದೆ. ಹೊಸ ಹುಡುಗರು ಸ್ಟೈಲಿಗೆ ಹಾಗೆ ಹಿಡಿದು ಕಷ್ಟಪಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಕೊರತೆಗಳೂ ಇವೆ. ಮನೆಯಲ್ಲಿ ರೆಕಾರ್ಡ್ ಮಾಡಲು ಇದು ನನಗೆ ಸಾಲಲಿಲ್ಲ. ಇದರಿಂದ ಹೊರಡುವ ಸಿಗ್ನಲ್ ಸಣ್ಣದು, ಗೇನ್, ಅಂದರೆ ಆ ಸಿಗ್ನಲ್ಲನ್ನು ಹಿಗ್ಗಿಸುವ ಮಟ್ಟ, ಬಹಳ ಏರಿಸಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸಿನಲ್ಲಿ ಅಷ್ಟು ಏರಿಸಿದರೆ ಹಿಂದೆ "ಸುಯ್" ಅನ್ನುವ ಸದ್ದು. ನನ್ನಂಥ ಮೆಲುದನಿಯವರಿಗೆ ಅದು ಇನ್ನೂ ತೊಂದರೆ. ಹಾಡು ಬಿಡುಗಡೆ ಮಾಡುವಾಗ ಮೆಲುದನಿಯನ್ನೂ ಚೆನ್ನಾಗಿ ಹಿಡಿಯುವ ಸ್ನೇಹಿತೆಯ ಕಂಡೆನ್ಸರ್ ಮೈಕು ತರುತ್ತೇನೆ. ಮಾಮೂಲಿ ಎಸ್‌ಎಂ58ಕ್ಕೆ ಆನ್-ಆಫ್ ಸ್ವಿಚ್ಚಿಲ್ಲ, ಬೇಕಿದ್ದರೆ 58ಎಸ್ ಅಂತ ಕೇಳಿ ತಗೊಳ್ಳಬೇಕು. ನನಗೆ ಸ್ವಿಚ್ಚಿಲ್ಲದ್ದೇ ಇಷ್ಟ, ಹಾಡಿನ ನಡುವೆ ಬೆರಳು ತಾಗಿ ದನಿ ನಿಲ್ಲುವ ಭಯವಿಲ್ಲ.

ಬಾಳಿಕೆಗೆ ಪೂರ್ತಿ ಅಂಕ. ಒಮ್ಮೆ ವೇದಿಕೆಯಿಂದ ಸಿಮೆಂಟ್ ನೆಲಕ್ಕೆ ಬಿತ್ತು. ಜಾಲರಿಯ ಒಂದು ಕಡೆ ಹೆಬ್ಬೆರಳು ಕೂರುವಷ್ಟು ನೆಗ್ಗಿದೆ, ದನಿ ಬದಲಾಗಲಿಲ್ಲ. ಆ ಜಾಲರಿಯನ್ನು ತಿರುಗಿಸಿ ಬಿಚ್ಚಬಹುದು. ತಿಂಗಳಿಗೊಮ್ಮೆ ಬಿಚ್ಚಿ, ಸೋಪಿನ ನೀರಲ್ಲಿ ಸ್ಪಂಜು ಸಮೇತ ತೊಳೆದು, ಒಂದು ದಿನ ಪೂರ್ತಿ ಒಣಗಿಸಿ ಹಾಕುತ್ತೇನೆ. ಹತ್ತು ಜನ ಹಾಡಿದ ಮೈಕಿನ ವಾಸನೆ ಗೊತ್ತಿರುವವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಗಿಟಾರ್ ಬದಲಿಸೋಣ ಅಂತ ದುಡ್ಡು ಕೂಡಿಡುತ್ತಿರುವ, ತಾವೇ ಬರೆದು ಹಾಡುವ ತಂಗಿ-ತಮ್ಮಂದಿರಿಗೆ ನಾನು ಹೇಳೋದು ಇಷ್ಟೇ: ಇರುವ ಗಿಟಾರ್ ಇರಲಿ, ಮೊದಲು ಮೈಕು ತಗೊಳ್ಳಿ.

ಹೋದ ಚಳಿಗಾಲದಲ್ಲಿ ಊರಲ್ಲಿ ಸೋದರತ್ತೆ ಮನೆಯ ಅಂಗಳದಲ್ಲಿ ಹಾಡಿದೆ. ಎಪ್ಪತ್ತು ಜನ ಇದ್ದರು. ಚಿಕ್ಕಪ್ಪ ಈಗ ಬಾಡಿಗೆ ವ್ಯವಹಾರ ಬಿಟ್ಟಿದ್ದಾರೆ, ಕಡೇ ಸಾಲಿನಲ್ಲಿ ಕೂತಿದ್ದರು. "ಭಾರಿ ಮಳೆಗೆ" ಶುರುವಾದಾಗ ಅವರ ಕಡೆ ನೋಡಿದೆ, ಕೈ ಎತ್ತಿ ಕೇಳುತ್ತಿದೆ ಅಂತ ಸನ್ನೆ ಮಾಡಿದರು. ಎಲ್ಲ ಮುಗಿದ ಮೇಲೆ ಮೈಕನ್ನು ಕೈಯಲ್ಲಿ ತೂಗಿ ನೋಡಿ, "ಇದು ಗಟ್ಟಿ ಸಾಮಾನು. ಆದರೆ ನಿನ್ನ ಕೇಬಲ್ಲಿನ ಬೆಸುಗೆ ಬಿಟ್ಟಿದೆ ಮಾರಾಯ್ತಿ, ಎರಡನೇ ಹಾಡಲ್ಲಿ ಕರಕರ ಅಂದಿತು" ಅಂದರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಜಗಲಿಯಲ್ಲಿ ಸೋಲ್ಡರಿಂಗ್ ಕಡ್ಡಿ ಬಿಸಿಗಿಟ್ಟಿದ್ದರು.