90 ಡೆಸಿಬೆಲ್‌ನ ಸಬ್‌ವೂಫರ್, 250 ವಾಟ್‌ನ ಆಂಪ್ (ಆಂಪ್ಲಿಫೈಯರ್): ಬಹುಕಾಲ ಬಳಸಿದ ಮೇಲೆ

ಸದ್ದು ಜೋರಾಗಿದ್ದರೂ ಕಾರಿನ ಹೆಡ್‌ಲೈಟ್ ಮಂಕಾಗುವುದಿಲ್ಲ. ಈ ಹನ್ನೆರಡಿಂಚಿನ ಸಬ್‌ವೂಫರ್ (ಬೇಸ್ ಸ್ಪೀಕರ್) ಬಗ್ಗೆ ಮೊದಲು ಹೇಳಬೇಕಾದ್ದು ಇದೇ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎ.ಸಿ., ವೈಪರ್, ಲೈಟು ಎಲ್ಲ ಓಡುತ್ತಿದ್ದು ಎಂಜಿನ್ ಐಡಲ್‌ನಲ್ಲಿದ್ದರೂ ಡೊಳ್ಳಿನ ಪ್ರತಿ ಪೆಟ್ಟು ಬಿಗಿಯಾಗಿಯೇ ಬೀಳುತ್ತದೆ. ಕಾರು ಸ್ವಿಫ್ಟ್, ಬಾಕ್ಸ್ 45 ಲೀಟರಿನ ಸೀಲ್ಡ್, ಅಂದರೆ ಗಾಳಿಯಾಡದಂತೆ ಮುಚ್ಚಿದ್ದು.

ಅಂಗಡಿಯಲ್ಲಿ ಎಲ್ಲರೂ ಕೇಳುವುದು “ಎಷ್ಟು ವಾಟ್?” ಅಂತ. ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರ್‌ಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು. ಇದರದ್ದು 1 ವಾಟ್‌ಗೆ 1 ಮೀಟರ್ ದೂರದಲ್ಲಿ 90 ಡೆಸಿಬೆಲ್. ಹೈ-ಪವರ್ ವೂಫರ್‌ಗಳು ಎಷ್ಟೋ 84ರ ಆಸುಪಾಸಿನಲ್ಲಿರುತ್ತವೆ. ಪವರ್ ಎರಡು ಪಟ್ಟಾದರೆ ಸಿಗುವುದು ಬರೀ 3 ಡೆಸಿಬೆಲ್. ಅಂದರೆ 6 ಡೆಸಿಬೆಲ್ ಅಂತರ ತುಂಬಲು ನಾಲ್ಕು ಪಟ್ಟು ಪವರ್ ಬೇಕು. ಇದು 250 ವಾಟ್‌ನಲ್ಲಿ ಮಾಡುವ ಸದ್ದಿಗೆ 84ರ ವೂಫರ್‌ಗೆ 1000 ವಾಟ್ ಬೇಕು. ಒಂದು ಎಚ್ಚರಿಕೆ: ಕೆಲವು ಕಂಪನಿಗಳು 1 ವಾಟ್ ಬದಲು 2.83 ವೋಲ್ಟ್‌ಗೆ ಅಳೆದು ಬರೆಯುತ್ತವೆ. 4 ಓಮ್ ರೋಧದ ವೂಫರ್‌ಗೆ ಅದು 2 ವಾಟ್, ಹಾಗಾಗಿ ಅಲ್ಲಿ 3 ಡೆಸಿಬೆಲ್ ಕಳೆದು ನೋಡಿ. 2 ಓಮ್ ಆದರೆ 6.

ಇನ್ನು ಕರೆಂಟಿನ ಲೆಕ್ಕ. ಕ್ಲಾಸ್-ಡಿ (ಕಡಿಮೆ ವಿದ್ಯುತ್ ಪೋಲು ಮಾಡುವ ಬಗೆಯ) ಆಂಪ್‌ನ ದಕ್ಷತೆ ಶೇ. 80 ಅಂತ ಹಿಡಿದರೆ, ಪೂರ್ತಿ 250 ವಾಟ್ ಕೊಡುವಾಗ 13.8 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 23 ಆಂಪಿಯರ್. 1000 ವಾಟ್‌ಗೆ 90 ಆಂಪಿಯರ್. ಸಣ್ಣ ಕಾರಿನ ಆಲ್ಟರ್ನೇಟರ್ (ಎಂಜಿನ್‌ನಿಂದ ತಿರುಗಿ ಕರೆಂಟ್ ಕೊಡುವ ಯಂತ್ರ) ಐಡಲ್‌ನಲ್ಲಿ ಅಷ್ಟು ಕೊಡಲಾರದು; ಬಾಕಿ ಬ್ಯಾಟರಿಯಿಂದ ಬರಬೇಕು, ವೋಲ್ಟೇಜ್ ಕುಸಿಯುತ್ತದೆ, ಲೈಟು ಮಿಟುಕುತ್ತದೆ. ಸಾಲದ್ದಕ್ಕೆ ವಾಯ್ಸ್ ಕಾಯಿಲ್ (ಸ್ಪೀಕರಿನ ಕೋನನ್ನು ಅಲುಗಿಸುವ ತಂತಿಸುರುಳಿ) ಬಿಸಿಯಾಗುತ್ತದೆ. ತಾಮ್ರ 100 ಡಿಗ್ರಿ ಬಿಸಿಯೇರಿದರೆ ರೋಧ ಸುಮಾರು ಶೇ. 39 ಹೆಚ್ಚುತ್ತದೆ, ಒಳಗೆ ಹೋಗುವ ಪವರ್ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಜೋರಾಗಿ ಹಾಕಿದ ಸ್ವಲ್ಪ ಹೊತ್ತಿಗೆ ಬೇಸ್ ಸೊರಗುವುದು ಇದರಿಂದಲೇ.

ಇಲ್ಲಿ 8 ಗೇಜ್‌ನ (ಗೇಜ್ ಅಂಕಿ ಚಿಕ್ಕದಾದಷ್ಟೂ ತಂತಿ ದಪ್ಪ) ಶುದ್ಧ ತಾಮ್ರದ ಕೇಬಲ್, ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ 40 ಆಂಪಿಯರ್ ಫ್ಯೂಸ್, ಇಷ್ಟೇ ಸಾಕಾಯಿತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ ಅಂತ ಹಾಕಿಸಬೇಡಿ.

ಗೇನ್ (ಆಂಪ್ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ತಿರುಪು) ಹೊಂದಿಸುವಾಗ ಕಿವಿಯನ್ನು ನಂಬುವುದಕ್ಕಿಂತ ಮಲ್ಟಿಮೀಟರ್ ಒಳ್ಳೆಯದು. ವೂಫರ್ ತಂತಿ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆಗಿಟ್ಟು, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು, 50 ಹರ್ಟ್ಸ್ ಟೋನ್ ಹಾಕಿ, ಆಂಪ್‌ನ ಔಟ್‌ಪುಟ್‌ನಲ್ಲಿ 31.6 ವೋಲ್ಟ್ ಎ.ಸಿ. ಬರುವವರೆಗೆ ತಿರುಗಿಸಿ. 4 ಓಮ್‌ಗೆ ಅದೇ 250 ವಾಟ್. ಲೋ-ಪಾಸ್ (ಮೇಲಿನ ಸ್ವರಗಳನ್ನು ತಡೆಯುವ ಫಿಲ್ಟರ್) 80 ಹರ್ಟ್ಸ್.

ದಿನವೂ ಖುಷಿ ಕೊಡುವುದು ಸಣ್ಣ ವಾಲ್ಯೂಮ್. ಬೆಳಿಗ್ಗೆ ಬೀದಿಯವರ ನಿದ್ದೆ ಕೆಡಿಸದಷ್ಟು ಮೆಲ್ಲಗೆ ಹಾಕಿದರೂ ಮೃದಂಗದ ಎಡಗಡೆಯ ಗುಮುಕು ಮಾಯವಾಗುವುದಿಲ್ಲ. ಹಗುರ ಕೋನ್ ಒಂದೆರಡು ವಾಟ್‌ಗೇ ಮೈಮುರಿದು ಏಳುತ್ತದೆ.

ಕಿರಿಕಿರಿ ಇರುವುದು ಬೂಟ್‌ನಲ್ಲಿ. ಹೆಚ್ಚು ದಕ್ಷತೆ, ಆಳದ ಬೇಸ್, ಚಿಕ್ಕ ಬಾಕ್ಸ್, ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು. ಸ್ಪೀಕರ್ ತಯಾರಿಸುವ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಇದನ್ನು ಕಬ್ಬಿಣದ ನಿಯಮ ಅಂತಲೇ ಕರೆಯುತ್ತಾರೆ. ಇದೇ ವೂಫರನ್ನು 28 ಲೀಟರಿನ ರೆಡಿಮೇಡ್ ಬಾಕ್ಸಿಗೆ ತುರುಕಿದರೆ ಎಲ್ಲ ಹಾಡಿಗೂ ಒಂದೇ ಸ್ವರದ ಗುಂಯ್‌ಗುಟ್ಟುವಿಕೆ. 45 ಲೀಟರಿನ ಬಾಕ್ಸ್‌ಗೆ 18 ಮಿ.ಮೀ. ಹಲಗೆಯ ದಪ್ಪ ಸೇರಿಸಿದರೆ ಸ್ವಿಫ್ಟ್‌ನ ಬೂಟ್‌ನಲ್ಲಿ ಸೂಟ್‌ಕೇಸಿಗೆ ಜಾಗ ಹುಡುಕಬೇಕು. ಊರಿಗೆ ಹೊರಟಾಗಲೆಲ್ಲ ಸ್ಪೀಕಾನ್ ಕನೆಕ್ಟರ್ ತಿರುಗಿಸಿ ಎಳೆದು, ಬೆಲ್ಟ್ ಬಿಚ್ಚಿ, ಬಾಕ್ಸನ್ನು ಮನೆಯೊಳಗೆ ಇಡುವ ಕೆಲಸ ಇದ್ದದ್ದೇ. ಬೆಲ್ಟ್ ಕಟ್ಟದೆ ಮಾತ್ರ ಓಡಿಸಬೇಡಿ. ಬ್ರೇಕ್ ಒತ್ತಿದಾಗ ಅಷ್ಟು ಭಾರ ಸೀಟಿನ ಬೆನ್ನಿಗೆ ಬಂದು ಬಡಿಯುತ್ತದೆ. ಮಲೆನಾಡು, ಕರಾವಳಿಯವರು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬದಲು ಮರೈನ್ ಪ್ಲೈವುಡ್ ಹಾಕಿಸಿ. ಎಂಡಿಎಫ್ ತೇವ ಹೀರಿ ಅಂಚಿನಲ್ಲಿ ಉಬ್ಬಿದರೆ ಗಾಳಿ ಸೋರುತ್ತದೆ.

ಹೈ-ಪವರ್ ವೂಫರ್‌ಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಷ್ಟೇ ಸದ್ದು ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ಬೇಕೆಂದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಕಾರಿನ ಕ್ಯಾಬಿನ್ ಒಂದಿಷ್ಟು ನೆರವಾದರೂ, ಈ ವೂಫರಿನ ಕೋನ್ ಸಲೀಸಾಗಿ ಓಡುವುದು ಒಂದೊಂದು ದಿಕ್ಕಿಗೆ 8 ಮಿ.ಮೀ. ಅಷ್ಟೇ. ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ 41 ಹರ್ಟ್ಸ್, ಅಲ್ಲಿಯವರೆಗೆ ತೊಂದರೆಯಿಲ್ಲ. ಅದಕ್ಕಿಂತ ಕೆಳಗಿನ ಎಲೆಕ್ಟ್ರಾನಿಕ್ ಬೇಸನ್ನು ಜೋರಾಗಿ ಹಾಕಿದರೆ ಟಪಟಪ ಸದ್ದು ಬರುತ್ತದೆ, ಆಗ ವಾಲ್ಯೂಮ್ ಇಳಿಸಲೇಬೇಕು. ಅಂಥ ಸಂಗೀತವೇ ಹೆಚ್ಚು ಕೇಳುವವರಿಗೆ ಒಂದೊಂದು ದಿಕ್ಕಿಗೆ 15 ಮಿ.ಮೀ. ದಾಟಿ ಓಡುವ, ಭಾರದ ಕೋನ್‌ನ ಹೈ-ಪವರ್ ವೂಫರೇ ಸರಿ. ಅದರ ಜೊತೆಗೆ 1/0 ಗೇಜ್ ಕೇಬಲ್, ಎಜಿಎಂ (ಒಮ್ಮೆಗೇ ಹೆಚ್ಚು ಕರೆಂಟ್ ಕೊಡಬಲ್ಲ) ಬ್ಯಾಟರಿ, ಬೇಕಾದರೆ ದೊಡ್ಡ ಆಲ್ಟರ್ನೇಟರ್, ಇವುಗಳ ದುಡ್ಡನ್ನೂ ವೂಫರ್ ಕೊಳ್ಳುವ ಮೊದಲೇ ಎತ್ತಿಟ್ಟುಕೊಳ್ಳಿ.